ರಕ್ಷಣಾ ಅಂಕಿಅಂಶ ಸೇವೆ: ದುಡ್ಡಿನ ಲೆಕ್ಕಕ್ಕೆ ನಾಲ್ಕು ಸ್ಟಾರ್, ಜನರ ಲೆಕ್ಕಕ್ಕೆ ಎರಡು

ದೇಶದ ರಕ್ಷಣೆಗೆ ಎಷ್ಟು ಖರ್ಚಾಗುತ್ತದೆ, ಸೇನೆಯಲ್ಲಿ ಎಷ್ಟು ಜನ ಇದ್ದಾರೆ, ಎಷ್ಟು ಹುದ್ದೆ ಖಾಲಿ ಇವೆ, ಪಿಂಚಣಿ ಎಷ್ಟು ಜನಕ್ಕೆ ಹೋಗುತ್ತದೆ. ಈ ಅಂಕಿಗಳನ್ನು ಸರ್ಕಾರ ಜನರ ಮುಂದೆ ಇಡುತ್ತದೆ. ತೆರಿಗೆ ಕಟ್ಟುವವರಿಗೆ ಸರ್ಕಾರ ಕೊಡುವ ಸೇವೆಗಳಲ್ಲಿ ಇದೂ ಒಂದು. ನಾನು ಇದರ ಖಾಯಂ ಗಿರಾಕಿ. ಹಾಗಾಗಿ ಗಿರಾಕಿಯಾಗಿಯೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ನಾನು ಗೋಣಿಕೊಪ್ಪದ ಹತ್ತಿರ ಪಿಯು ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಪಠ್ಯದಲ್ಲಿ ಬರುವ ಲೆಕ್ಕಗಳು ಯಾವುದೋ ಕಾರ್ಖಾನೆಯ ಉತ್ಪಾದನೆ, ಯಾವುದೋ ಊರಿನ ಗೋಧಿ ಬೆಲೆ. ಮಕ್ಕಳು ಲೆಕ್ಕ ಮಾಡುತ್ತಾರೆ, ಆದರೆ ಕಣ್ಣಲ್ಲಿ ಹೊಳಪಿರುವುದಿಲ್ಲ. ಕೊಡಗಿನ ತರಗತಿಯಲ್ಲಿ 'ಮನೆಯಲ್ಲಿ ಯಾರಾದರೂ ಮಿಲಿಟರಿಯಲ್ಲಿ ಇದ್ದಾರಾ' ಅಂತ ಕೇಳಿ ನೋಡಿ. ಅಪ್ಪ, ದೊಡ್ಡಪ್ಪ, ಮಾವ, ತಾತ, ಈಗೀಗ ಅಕ್ಕನೂ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್' ಮ್ಯೂಸಿಯಂ ಆಗಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರು 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದರು ಎಂಬುದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಇಂಥ ಮಕ್ಕಳಿಗೆ ರಕ್ಷಣೆಯ ಅಂಕಿ ಕೊಟ್ಟರೆ ಪಾಠಕ್ಕೆ ಜೀವ ಬರುತ್ತದೆ ಎಂದು ನಾನು ಅದೇ ಅಂಕಿಗಳಲ್ಲಿ ಪ್ರಾಜೆಕ್ಟ್ ಮಾಡಿಸುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ಇದರಲ್ಲಿ ನಮ್ಮ ಸರ್ಕಾರದ ಕೆಲಸ ನಿಜಕ್ಕೂ ಚೆನ್ನಾಗಿದೆ. ಫೆಬ್ರವರಿ 1ಕ್ಕೆ ಬಜೆಟ್ ಬಂತು ಅಂದರೆ ಅದೇ ದಿನ ರಕ್ಷಣೆಯ ನಾಲ್ಕು ಬೇಡಿಕೆಗಳ (ಸಂಸತ್ತಿನ ಮುಂದೆ ಇಡುವ ಖರ್ಚಿನ ಬಾಬ್ತುಗಳ) ಪಟ್ಟಿಯೂ ಬರುತ್ತದೆ: ಸಚಿವಾಲಯದ ನಾಗರಿಕ ಖರ್ಚು, ಸೇನೆಗಳ ದಿನನಿತ್ಯದ ಖರ್ಚು, ಬಂಡವಾಳ ಖರ್ಚು, ಪಿಂಚಣಿ. ಪಿಡಿಎಫ್ ಇರುತ್ತದೆ, ಎಕ್ಸೆಲ್ ಕೂಡ ಇರುತ್ತದೆ. ಎಕ್ಸೆಲ್ ಇರುವುದು ಎಷ್ಟು ದೊಡ್ಡ ಉಪಕಾರ ಎಂದು ಪಿಡಿಎಫ್‌ನಿಂದ ಒಂದೊಂದೇ ಅಂಕಿ ನೋಡಿ ಟೈಪ್ ಮಾಡಿದವರಿಗೆ ಗೊತ್ತು. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನುವ ನಮ್ಮೂರಿನಲ್ಲಿ ಸಣ್ಣ ಫೈಲ್ ಅಂದರೆ ಅದೂ ಒಂದು ಸೌಕರ್ಯ.

2025-26ರ ಪಟ್ಟಿಯನ್ನೇ ನೋಡಿ. ಒಟ್ಟು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೆ 1,60,795 ಕೋಟಿ. ಹೊಸ ವಿಮಾನ, ಹಡಗು, ಫಿರಂಗಿ ಎಲ್ಲ ಸೇರುವ ಬಂಡವಾಳಕ್ಕೆ 1.80 ಲಕ್ಷ ಕೋಟಿ. ಮಕ್ಕಳು ವೃತ್ತ ನಕ್ಷೆ ಬರೆದಾಗ ಪಿಂಚಣಿಯ ತುಂಡು ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಆಗುತ್ತದೆ. ಕೋನಮಾಪಕ ಹಿಡಿದು 85 ಡಿಗ್ರಿ ಅಳೆದ ಹುಡುಗಿ ತಲೆ ಎತ್ತಿ, 'ಮಿಸ್, ಇದರಲ್ಲಿ ನಮ್ಮ ತಾತನ ದುಡ್ಡೂ ಇದೆಯಾ' ಅಂತ ಕೇಳಿದಳು. ಇದೆ ಮಗಾ, ಅದರಲ್ಲೇ ಇದೆ.

ಇದೇ ಅಂಕಿಯಿಂದ ಇನ್ನೊಂದು ಪಾಠವನ್ನೂ ಮಾಡಬಹುದು. ರಕ್ಷಣಾ ಪಿಂಚಣಿ ಪಡೆಯುವವರು 34 ಲಕ್ಷಕ್ಕೂ ಜಾಸ್ತಿ ಎಂದು ಸರ್ಕಾರವೇ ಹೇಳಿದೆ. 1,60,795 ಕೋಟಿಯನ್ನು 34 ಲಕ್ಷದಿಂದ ಭಾಗಿಸಿದರೆ ತಲೆಗೆ ವರ್ಷಕ್ಕೆ ಸುಮಾರು 4.73 ಲಕ್ಷ ರೂಪಾಯಿ ಬರುತ್ತದೆ. ನಮ್ಮ ಪಕ್ಕದ ಮನೆಯ ಸುಬೇದಾರ್ ಅಂಕಲ್‌ಗೆ ಈ ಲೆಕ್ಕ ತೋರಿಸಿದಾಗ, 'ನಮ್ಮ ಜೊತೆ ಸಿಪಾಯಿಯಾಗಿ ರಿಟೈರ್ ಆದವರಿಗೆ ಇಷ್ಟು ಎಲ್ಲಿ ಬರುತ್ತದಮ್ಮಾ' ಅಂದರು. ಅವರು ಹೇಳಿದ್ದು ಸರಿ. ಈ ಮೊತ್ತದಲ್ಲಿ ಗ್ರಾಚ್ಯುಟಿ, ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆಯುವುದು) ಸೇರಿವೆ, ರಕ್ಷಣಾ ಇಲಾಖೆಯ ನಾಗರಿಕ ನೌಕರರ ಪಿಂಚಣಿಯೂ ಸೇರಿದೆ. ಮೇಲಿನ ಹುದ್ದೆಯವರ ದೊಡ್ಡ ಪಿಂಚಣಿ ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ಇಲ್ಲಿ ಬೇಕಾಗಿರುವುದು ಮಧ್ಯಾಂಕ, ಅಂದರೆ ಎಲ್ಲರನ್ನೂ ಪಿಂಚಣಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವವರ ಮೊತ್ತ. ಅದಕ್ಕೆ ಪಿಂಚಣಿದಾರರು ಹುದ್ದೆವಾರು ಎಷ್ಟು ಜನ ಇದ್ದಾರೆ ಎಂಬ ಪಟ್ಟಿ ಬೇಕು. ಬಜೆಟ್ ಪುಸ್ತಕದಲ್ಲಿ ಅದು ಇಲ್ಲ.

ದುಡ್ಡಿನ ಲೆಕ್ಕಕ್ಕೆ ಐದನೇ ಸ್ಟಾರ್ ಯಾಕೆ ಕೊಡಲಿಲ್ಲ ಅಂತ ಹೇಳಬೇಕು. 2024-25ರಿಂದ ಬಂಡವಾಳ ಖರ್ಚಿನ ಪಟ್ಟಿಯ ರೂಪ ಬದಲಾಯಿತು. ಮೊದಲು ಭೂಸೇನೆ, ನೌಕಾಪಡೆ, ವಾಯುಪಡೆ ಎಂದು ಬೇರೆ ಬೇರೆ ತಲೆಬರಹಗಳ ಅಡಿಯಲ್ಲಿ ಬರುತ್ತಿದ್ದ ಜಮೀನು, ವಿಮಾನ ಮತ್ತು ಎಂಜಿನ್, ಭಾರಿ ವಾಹನ, ಇತರ ಉಪಕರಣ ಇವೆಲ್ಲ ಮೂರೂ ಸೇನೆಗೆ ಸೇರಿ ಒಂದೇ ತಲೆಬರಹಕ್ಕೆ ಬಂದವು. ಮೂರು ಸೇನೆಗಳ ನಡುವೆ ಒಗ್ಗಟ್ಟು ಬರಲಿ, ಹಣ ಹಂಚಲು ಸುಲಭ ಆಗಲಿ ಎಂಬ ಉದ್ದೇಶ. ಉದ್ದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ 'ಹತ್ತು ವರ್ಷದಲ್ಲಿ ನೌಕಾಪಡೆಯ ಬಂಡವಾಳ ಖರ್ಚು ಹೇಗೆ ಬೆಳೆಯಿತು' ಎಂದು ರೇಖಾಚಿತ್ರ ಬರೆಯುತ್ತಿದ್ದ ಹುಡುಗನ ಗೆರೆ ಅಲ್ಲಿಗೇ ತುಂಡಾಯಿತು. ಹೊಸ ಪಟ್ಟಿಯ ಪಕ್ಕದಲ್ಲಿ ಒಂದೆರಡು ವರ್ಷ ಹಳೇ ಪಟ್ಟಿಯನ್ನೂ ಕೊಡಬಹುದಿತ್ತು. ಕಾಲಂ ಬದಲಾಯಿಸುವವರು ಹಳೇ ಕಾಲಂನಿಂದ ಹೊಸದಕ್ಕೆ ಸೇತುವೆ ಕಟ್ಟಿಕೊಡಬೇಕು. ಇದು ಸಂಖ್ಯಾಶಾಸ್ತ್ರದ ಮೊದಲ ಮರ್ಯಾದೆ.

ಇನ್ನು ಜನರ ಲೆಕ್ಕ. ನನಗೆ ಬೇಜಾರಾಗುವುದು ಇಲ್ಲೇ.

ಒಳ್ಳೇ ಸುದ್ದಿಯ ಅಂಕಿಗಳು ತಾವಾಗಿಯೇ ಮನೆ ಬಾಗಿಲಿಗೆ ಬರುತ್ತವೆ. ರಕ್ಷಣಾ ರಫ್ತು 2013-14ರಲ್ಲಿ 686 ಕೋಟಿ ಇತ್ತು, 2024-25ರಲ್ಲಿ 23,622 ಕೋಟಿ ಆಯಿತು, 34 ಪಟ್ಟು. ಖಾಸಗಿ ಕಂಪನಿಗಳದ್ದು 15,233 ಕೋಟಿ, ಸರ್ಕಾರಿ ಕಂಪನಿಗಳದ್ದು 8,389 ಕೋಟಿ ಅಂತ ಬಿಡಿಸಿಯೂ ಹೇಳಿದರು. ಆರ್ಥಿಕ ವರ್ಷ ಮುಗಿದ ಬೆನ್ನಿಗೇ ಬಂತು. ತುಂಬಾ ಸಂತೋಷ, ಹೀಗೇ ಬರಬೇಕು. ಅದೇ ಸೇನೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ತಿಳಿಯಲು ಸಂಸತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳುವ ತನಕ ಕಾಯಬೇಕು. 2023ರ ಮಾರ್ಚ್‌ನಲ್ಲಿ ರಾಜ್ಯಸಭೆಯಲ್ಲಿ ಉತ್ತರ ಬಂತು: ಮೂರೂ ಸೇನೆ ಸೇರಿ ಸುಮಾರು 1.55 ಲಕ್ಷ ಕೊರತೆ, ಅದರಲ್ಲಿ ಭೂಸೇನೆಯದೇ 1.36 ಲಕ್ಷ. ಕೋವಿಡ್ ಕಾಲದಲ್ಲಿ ಭರ್ತಿ ನಿಂತಿತ್ತು. 2022ರ ಜೂನ್‌ನಲ್ಲಿ ನಾಲ್ಕು ವರ್ಷದ ಅಗ್ನಿಪಥ ಬಂತು. ನಮ್ಮ ಕಾಲೇಜಿನ ಮೈದಾನದಲ್ಲಿ ಬೆಳಗಿನ ಜಾವ ಓಡುವ ಹುಡುಗರಿಗೆ ಇದಕ್ಕಿಂತ ಮುಖ್ಯವಾದ ಅಂಕಿ ಯಾವುದಿದೆ? ಎಷ್ಟು ಜಾಗ ಇದೆ, ಎಷ್ಟು ಜನ ಅರ್ಜಿ ಹಾಕಿದರು, ಎಷ್ಟು ಜನ ಸೇರಿದರು, ಎಷ್ಟು ಜನ ಮಧ್ಯದಲ್ಲೇ ಬಿಟ್ಟರು, ನಾಲ್ಕು ವರ್ಷದ ನಂತರ ಎಷ್ಟು ಜನರನ್ನು ಉಳಿಸಿಕೊಂಡರು. ಇದನ್ನು ಮೂರು ತಿಂಗಳಿಗೊಮ್ಮೆ ಒಂದೇ ಕೋಷ್ಟಕದಲ್ಲಿ ಕೊಟ್ಟರೆ ಅಪ್ಪ ಅಮ್ಮ ಮಗನ ಜೊತೆ ಕೂತು ಯೋಚನೆ ಮಾಡಬಹುದು.

ಸಚಿವಾಲಯದ ವಾರ್ಷಿಕ ವರದಿ ಬರುತ್ತದೆ, ಡಿಸೆಂಬರ್ ಕೊನೆಗೆ ವರ್ಷದ ಅವಲೋಕನವೂ ಬರುತ್ತದೆ. ಎರಡರಲ್ಲೂ ಓದುವುದಕ್ಕೆ ಬೇಕಾದಷ್ಟಿದೆ. ಆದರೆ ಅಂಕಿಗಳು ಗದ್ಯದ ಮಧ್ಯೆ ಚೆಲ್ಲಾಪಿಲ್ಲಿಯಾಗಿ ಕೂತಿರುತ್ತವೆ. ಈ ವರ್ಷ ಹೇಳಿದ ಸಂಗತಿಯನ್ನು ಮುಂದಿನ ವರ್ಷವೂ ಹೇಳುತ್ತಾರೆ ಎಂಬ ಖಾತ್ರಿ ಇಲ್ಲ. ವಾರ್ಷಿಕ ವರದಿ ಇರುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶ ಇದ್ದರೂ ಸಾಕಿತ್ತು.

ಹೀಗೆ ಹೇಳಿದರೆ 'ರಕ್ಷಣೆ ವಿಷಯ ಮೇಡಂ, ಎಲ್ಲ ಬಾಯಿ ಬಿಡಕ್ಕಾಗಲ್ಲ' ಅನ್ನುತ್ತಾರೆ. ಅದಕ್ಕೇ ಬ್ರಿಟನ್ನಿನ ರಕ್ಷಣಾ ಸಚಿವಾಲಯ ಏನು ಮಾಡುತ್ತದೆ ಎಂದು ಹೇಳಲೇಬೇಕು. ಅಲ್ಲಿ 2007ರಲ್ಲಿ ಅಂಕಿಅಂಶಕ್ಕೇ ಒಂದು ಕಾಯ್ದೆ ಮಾಡಿ ಸರ್ಕಾರದಿಂದ ಬೇರೆಯಾಗಿ ನಿಲ್ಲುವ ಪ್ರಾಧಿಕಾರ ಕಟ್ಟಿದರು. ಅದರ ಸಂಹಿತೆಯನ್ನು ರಕ್ಷಣಾ ಸಚಿವಾಲಯವೂ ಪಾಲಿಸಬೇಕು. ಸೈನಿಕರ ಸಂಖ್ಯೆ ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ. ಯಾವ ದಿನ ಎಂದು ಮೊದಲೇ ಹೇಳುತ್ತಾರೆ. ಆ ದಿನ ಬೆಳಿಗ್ಗೆ 9.30ಕ್ಕೆ ಎಲ್ಲರಿಗೂ ಒಟ್ಟಿಗೆ ಸಿಗುತ್ತದೆ. ಮಂತ್ರಿಗೆ ಮತ್ತು ಕೆಲವೇ ಅಧಿಕಾರಿಗಳಿಗೆ ಮುಂಚೆ ನೋಡಲು ಹೆಚ್ಚೆಂದರೆ ಒಂದು ದಿನ, ಅವರು ಯಾರು ಯಾರು ಎಂಬ ಪಟ್ಟಿಯೂ ಇರುತ್ತದೆ. ಸೇನೆ ಸೇರಿದವರೆಷ್ಟು, ಬಿಟ್ಟವರೆಷ್ಟು ಎಂದು ಅಕ್ಕಪಕ್ಕದಲ್ಲೇ ಬರೆಯುತ್ತಾರೆ. ಈಚಿನ ವರ್ಷಗಳಲ್ಲಿ ಬಿಟ್ಟವರೇ ಜಾಸ್ತಿ ಇದ್ದಾಗಲೂ ಆ ಕೋಷ್ಟಕ ತಪ್ಪದೇ ಬಂತು. ಸರ್ಕಾರಕ್ಕೆ ಮುಜುಗರ ಆಯಿತು, ಪತ್ರಿಕೆಗಳು ಬರೆದವು, ಸಂಸತ್ತಿನಲ್ಲಿ ಕೇಳಿದರು. ಟ್ಯಾಂಕ್, ಹಡಗು, ವಿಮಾನ ಎಷ್ಟಿವೆ ಎಂದು ವರ್ಷಕ್ಕೊಮ್ಮೆ ಬೇರೆ ಪ್ರಕಟಣೆಯೇ ಇದೆ.

ನಾನು ಮೆಚ್ಚಿದ ಒಂದು ಸಣ್ಣ ಸಂಗತಿ ಇದೆ. ಆ ಕೋಷ್ಟಕಗಳಲ್ಲಿ ಅಂಕಿಗಳನ್ನು ಹತ್ತಕ್ಕೆ ಹೊಂದಿಸುತ್ತಾರೆ. ಒಬ್ಬ ವ್ಯಕ್ತಿಯ ಗುರುತು ಯಾರಿಗೂ ಸಿಗಬಾರದು ಎಂಬ ಕಾಳಜಿ ಅದು. ಐದು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದರೆ ಅಂಕಿಯ ಬದಲು ಒಂದು ಅಲೆಯ ಗುರುತು (~) ಹಾಕುತ್ತಾರೆ. ಕೊನೆಯಲ್ಲಿ 5 ಬಂದರೆ ಏನು ಮಾಡಬೇಕು? ನಾವು ಶಾಲೆಯಲ್ಲಿ ಕಲಿತದ್ದು ಮೇಲಕ್ಕೆ ಏರಿಸುವುದು. ಯಾವಾಗಲೂ ಮೇಲಕ್ಕೇ ಏರಿಸುತ್ತಾ ಹೋದರೆ ಒಟ್ಟು ಮೊತ್ತ ಸ್ವಲ್ಪ ಉಬ್ಬುತ್ತದೆ. ಅದಕ್ಕೆ ಅವರು ಹತ್ತಿರದ 20ರ ಗುಣಕಕ್ಕೆ ಹೊಂದಿಸುತ್ತಾರೆ. 15 ಬಂದರೆ 20, 25 ಬಂದರೂ 20. 35 ಬಂದರೆ 40, 45 ಬಂದರೂ 40. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಲೆಕ್ಕ ಸಮ. ಈ ನಿಯಮವನ್ನು ಕೋಷ್ಟಕದ ಕೆಳಗೇ ಬರೆದಿರುತ್ತಾರೆ. ನಾನು ಇದನ್ನು ಬೋರ್ಡಿನ ಮೇಲೆ ಬರೆದಾಗ ಕೊನೇ ಬೆಂಚಿನವರೂ ಪೆನ್ನು ಹಿಡಿದರು. ಲೆಕ್ಕದ ವಿಧಾನ ಮಧ್ಯದಲ್ಲಿ ಬದಲಾಗಿದ್ದರೆ ಎರಡು ಉದ್ದ ಗೆರೆ ಎಳೆದು 'ಇಲ್ಲಿಂದ ಮುಂದೆ ಹೋಲಿಸುವಾಗ ಹುಷಾರು' ಅಂತ ತಿಳಿಸುತ್ತಾರೆ. ನಮ್ಮ ಬಂಡವಾಳ ಪಟ್ಟಿಗೆ ಬೇಕಾಗಿದ್ದದ್ದು ಅದೇ ಎರಡು ಗೆರೆ.

ಬ್ರಿಟನ್ನಿನದು ಎಲ್ಲವೂ ಚಿನ್ನ ಅಂತ ನಾನು ಹೇಳುವುದಿಲ್ಲ. 2022ರ ಫೆಬ್ರವರಿಯಲ್ಲಿ, ಬ್ರಿಟನ್ನಿನಲ್ಲಿ ಆಶ್ರಯ ಕೇಳಿದ್ದ ಸುಮಾರು 19 ಸಾವಿರ ಆಫ್ಘನ್ನರ ವಿವರ ಇದ್ದ ಪಟ್ಟಿ ಅವರ ರಕ್ಷಣಾ ಸಚಿವಾಲಯದಿಂದಲೇ ಹೊರಗೆ ಹೋಯಿತು. ಕೋರ್ಟಿನ ತಡೆಯಾಜ್ಞೆಯಿಂದ ಅದು ಜನರಿಗೆ ಗೊತ್ತಾದದ್ದೇ 2025ರ ಜುಲೈನಲ್ಲಿ. ಭಯಂಕರ ತಪ್ಪು. ಆದರೆ ಸರಿಯಾಗಿ ನೋಡಿ, ಅಪಾಯ ಆದದ್ದು ಹೆಸರು ಇದ್ದ ಪಟ್ಟಿಯಿಂದ. ಹತ್ತಕ್ಕೆ ಹೊಂದಿಸಿ, ಗುರುತು ಅಳಿಸಿ, ತಾರೀಖು ಹೇಳಿ ಪ್ರಕಟಿಸಿದ ಕೋಷ್ಟಕದಿಂದ ಅಲ್ಲ.

ಯಾವುದು ಗುಟ್ಟಾಗಿರಬೇಕು ಎಂಬ ಬಗ್ಗೆ ಸುಬೇದಾರ್ ಅಂಕಲ್ ಜೊತೆ ಎಷ್ಟೋ ಸಂಜೆ ಚರ್ಚೆ ಮಾಡಿದ್ದೇನೆ. 2017ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ (ಸಿಎಜಿ) ವರದಿ ಬಂತು. 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆ ಹತ್ತು ದಿನದ ಯುದ್ಧಕ್ಕೂ ಸಾಲದು ಎಂದು ಅದರಲ್ಲಿತ್ತು. 'ಇದನ್ನೆಲ್ಲ ಪೇಪರಿನಲ್ಲಿ ಹಾಕ್ತಾರಾ' ಎಂದು ಅವರಿಗೆ ಕೆಂಡದಂಥ ಕೋಪ. ನನಗೂ ಮದ್ದುಗುಂಡು ಎಷ್ಟು ದಿನಕ್ಕೆ ಇದೆ ಎನ್ನುವುದು ಸಂಸದೀಯ ಸಮಿತಿಯ ಬಾಗಿಲ ಒಳಗೇ ಇರಲಿ ಅನ್ನಿಸುತ್ತದೆ. ರಫೇಲ್ ಯುದ್ಧವಿಮಾನ ಖರೀದಿಯ ಬಗ್ಗೆ 2019ರ ಫೆಬ್ರವರಿಯಲ್ಲಿ ಬಂದ ಮಹಾಲೇಖಪಾಲರ ವರದಿಯಲ್ಲಿ ಬೆಲೆಗಳನ್ನು ಮರೆಮಾಡಿ, ಹಿಂದಿನ ಪ್ರಸ್ತಾವಕ್ಕಿಂತ ಒಟ್ಟಾರೆ ಶೇ 2.86 ಕಡಿಮೆ ಎಂದು ಮಾತ್ರ ಹೇಳಿದರು. ಅದರ ಬಗ್ಗೆ ನನ್ನ ಅಭಿಪ್ರಾಯ ಬೇರೆ: ಖರೀದಿ ಮುಗಿದ ಮೇಲೆ ಒಟ್ಟು ಬೆಲೆ ತೆರಿಗೆದಾರನಿಗೆ ತಿಳಿಯಬೇಕು. ಅಂಕಲ್ ಒಪ್ಪಲಿಲ್ಲ. ಆದರೆ ಖಾಲಿ ಹುದ್ದೆ, ಭರ್ತಿ, ಪಿಂಚಣಿ, ಮಾಜಿ ಸೈನಿಕರ ಸಂಖ್ಯೆ ಇವು ಗುಟ್ಟಲ್ಲ ಎಂಬಲ್ಲಿ ನಾವಿಬ್ಬರೂ ಒಂದೇ. ಸಂಸತ್ತಿನಲ್ಲಿ ಕೇಳಿದರೆ ಹೇಳಬಹುದಾದ ಅಂಕಿಯನ್ನು ಕೇಳದೆಯೂ ಹೇಳಬಹುದು, ಅಲ್ವಾ? 2005ರ ಮಾಹಿತಿ ಹಕ್ಕು ಕಾಯ್ದೆಯ 8ನೇ ಕಲಂ ದೇಶದ ಭದ್ರತೆಗೆ ಧಕ್ಕೆ ಬರುವ ಮಾಹಿತಿಯನ್ನು ಕಾಯುತ್ತದೆ. ಅದೇ ಕಾಯ್ದೆಯ 4ನೇ ಕಲಂ ಉಳಿದದ್ದನ್ನು ಯಾರೂ ಅರ್ಜಿ ಹಾಕುವ ಮೊದಲೇ ಪ್ರಕಟಿಸಿ ಎನ್ನುತ್ತದೆ.

ನಮ್ಮ ಸರ್ಕಾರಕ್ಕೆ ಇದನ್ನು ಮಾಡಲು ಬರುವುದಿಲ್ಲ ಅಂತಲೂ ಅಲ್ಲ. ಕೇಂದ್ರದ ಅಂಕಿಅಂಶ ಸಚಿವಾಲಯ ಪ್ರತಿ ತಿಂಗಳು 12ನೇ ತಾರೀಖು ಸಂಜೆ 4ಕ್ಕೆ ಬೆಲೆ ಸೂಚ್ಯಂಕ ಬಿಡುಗಡೆ ಮಾಡುತ್ತದೆ. ಹಣದುಬ್ಬರ ಏರಿರಲಿ, ಇಳಿದಿರಲಿ, 12 ಅಂದರೆ 12, ಅಂದು ರಜೆಯಾದರೆ ಮಾತ್ರ ಅದರ ಮುಂದಿನ ಕೆಲಸದ ದಿನ. ಅದೇ ಶಿಸ್ತು ರಕ್ಷಣೆಯ ಜನರ ಲೆಕ್ಕಕ್ಕೂ ಬರಲಿ.

'ಕೋಷ್ಟಕ ಕೊಟ್ಟರೆ ಯಾರು ಓದುತ್ತಾರೆ' ಎನ್ನುವವರು ಸುಬೇದಾರ್ ಅಂಕಲ್ ಮನೆಗೆ ಬರಬೇಕು. ಯಾವಾಗ ರಿಟೈರ್ ಆಗಿದ್ದರೂ ಒಂದೇ ಹುದ್ದೆ, ಒಂದೇ ಸೇವಾವಧಿಗೆ ಒಂದೇ ಪಿಂಚಣಿ ಎನ್ನುವ 'ಒಂದು ಶ್ರೇಣಿ ಒಂದು ಪಿಂಚಣಿ' ಜಾರಿಗೆ ಬಂದಾಗ ನೂರಕ್ಕೂ ಜಾಸ್ತಿ ಕೋಷ್ಟಕ ಹೊರಬಂದವು. ಅಡ್ಡಕ್ಕೆ ಹುದ್ದೆ ಮತ್ತು ಗ್ರೂಪ್, ಉದ್ದಕ್ಕೆ ಸೇವೆಯ ವರ್ಷ, ಅದೂ ಅರ್ಧ ಅರ್ಧ ವರ್ಷದ ಸಾಲು. ಅಂಕಲ್ ಕನ್ನಡಕ ಹಾಕಿ, ಮರದ ಸ್ಕೇಲ್ ಇಟ್ಟುಕೊಂಡು, ತಮ್ಮ ಸಾಲು ಹಿಡಿದು ಬೆರಳು ಸರಿಸುತ್ತಾ ಕಾಲಂ ತಲುಪಿದರೆ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಊರಿನ ಎಷ್ಟೋ ವೀರನಾರಿಯರ (ಸೈನಿಕರ ವಿಧವೆಯರ) ಕುಟುಂಬ ಪಿಂಚಣಿಯನ್ನೂ ಅವರು ಹೀಗೇ ತಾಳೆ ನೋಡಿಕೊಟ್ಟಿದ್ದಾರೆ. ಬ್ಯಾಂಕಿನಲ್ಲಿ ಕಡಿಮೆ ಬಂದಿದ್ದರೆ ಕೋಷ್ಟಕದ ಪ್ರತಿ ಹಿಡಿದು ಹೋಗಿ ಕೇಳುತ್ತಾರೆ. ಏಳನೇ ಕ್ಲಾಸ್ ಓದಿದ ಅಜ್ಜಿಯೂ ತನ್ನ ಕೋಷ್ಟಕದ ನಂಬರ್ ಹೇಳುತ್ತಾಳೆ. ನಾನು ಈ ವಿಮರ್ಶೆಯಲ್ಲಿ ಐದಕ್ಕೆ ಐದು ಕೊಡುವುದು ಈ ಕೋಷ್ಟಕಗಳಿಗೆ ಮಾತ್ರ.

ಇನ್ನು ನಮ್ಮ ಜಿಲ್ಲೆಯ ಮಾತು. ಕೊಡಗನ್ನು ಸೈನಿಕರ ನಾಡು ಅನ್ನುತ್ತೇವೆ. ಭಾಷಣದಲ್ಲಿ ಹೇಳುತ್ತೇವೆ, ಪ್ರವಾಸಿಗರಿಗೆ ಹೇಳುತ್ತೇವೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519. ಇದರಲ್ಲಿ ಸೇನೆಯಲ್ಲಿ ಕೆಲಸ ಮಾಡಿ ಬಂದವರು ಎಷ್ಟು? ಮಾಜಿ ಸೈನಿಕರ ರಾಜ್ಯವಾರು ಪಟ್ಟಿ ಸಿಗುತ್ತದೆ. ಅದು ನೋಂದಣಿಯ ಲೆಕ್ಕ. ಸೈನಿಕ ಕಲ್ಯಾಣ ಕಚೇರಿಯಲ್ಲಿ ಹೆಸರು ಬರೆಸಿದವರು ಪಟ್ಟಿಯಲ್ಲಿರುತ್ತಾರೆ. ಬರೆಸದೇ ತೋಟದಲ್ಲಿ ಇದ್ದುಬಿಟ್ಟವರು, ಹೆಸರು ಒಂದು ಜಿಲ್ಲೆಯಲ್ಲಿ ಇಟ್ಟು ಮೈಸೂರಿಗೋ ಬೆಂಗಳೂರಿಗೋ ಹೋದವರು, ತೀರಿಹೋದರೂ ಹೆಸರು ಉಳಿದವರು, ಇವರೆಲ್ಲ ಲೆಕ್ಕವನ್ನು ಆಚೀಚೆ ಮಾಡುತ್ತಾರೆ. ಮಕ್ಕಳ ಪ್ರಾಜೆಕ್ಟಿಗೆ ಜಿಲ್ಲೆಯ ಸಂಖ್ಯೆ ಬೇಕು ಎಂದು ಒಂದು ಕಚೇರಿಗೆ ಹೋಗಿದ್ದೆ. ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಟ್ಟು, ಬಾಯಲ್ಲಿ ಒಂದು ಅಂಕಿ ಹೇಳಿದರು. ಯಾವ ತಾರೀಖಿನದು, ವಿಧವೆಯರು ಸೇರಿದ್ದಾರಾ ಎಂದು ಕೇಳಿದರೆ ಉತ್ತರ ಇರಲಿಲ್ಲ. ಬರೆದು ಕೊಡಿ ಅಂದಾಗ 'ಬೇಡ ಮೇಡಂ, ಸುಮ್ನೆ ತೊಂದರೆ' ಅಂದರು. ತಾರೀಖಿಲ್ಲದ ಅಂಕಿಯನ್ನು ನಾನು ಮಕ್ಕಳ ಕೈಗೆ ಕೊಡುವುದಿಲ್ಲ. ಆ ಪುಟ ಖಾಲಿ ಬಿಟ್ಟೇ ಪ್ರಾಜೆಕ್ಟ್ ಮುಗಿಸಿದೆವು.

ಈ ಅಂಕಿ ಬರೀ ಹೆಮ್ಮೆಗಲ್ಲ. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಎಷ್ಟು ಡಾಕ್ಟರ್ ಬೇಕು, ಕ್ಯಾಂಟೀನಿಗೆ ಎಷ್ಟು ಸಾಮಾನು ಬೇಕು, ವಯಸ್ಸಾದವರು ಯಾವ ಹೋಬಳಿಯಲ್ಲಿ ಜಾಸ್ತಿ ಇದ್ದಾರೆ, ವೀರನಾರಿಯರು ಎಷ್ಟು ಜನ ಒಂಟಿಯಾಗಿದ್ದಾರೆ, ಇದಕ್ಕೆಲ್ಲ ಬುನಾದಿ ಈ ಸಂಖ್ಯೆ. ನಾಪೋಕ್ಲು ಕಡೆಯಿಂದಲೋ ಶ್ರೀಮಂಗಲದಿಂದಲೋ 80 ದಾಟಿದ ಹವಾಲ್ದಾರರೊಬ್ಬರು ಔಷಧಿಗೆ ಮಡಿಕೇರಿಗೆ ಬಸ್ ಹತ್ತಿ ಬರುತ್ತಾರೆ. ಅವರಂಥವರು ಎಷ್ಟು ಜನ ಎಂದು ಯಾರಾದರೂ ಎಣಿಸಿದ್ದರೆ ಔಷಧಿಯೇ ಅವರ ಹತ್ತಿರ ಹೋಗುತ್ತಿತ್ತು.

ಬ್ರಿಟನ್ ಇದಕ್ಕೂ ದಾರಿ ತೋರಿಸಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಮೊದಲ ಬಾರಿಗೆ 'ನೀವು ಹಿಂದೆ ಸೇನೆಯಲ್ಲಿ ಸೇವೆ ಮಾಡಿದ್ದೀರಾ' ಎಂದು ಕೇಳಿದರು. 18.5 ಲಕ್ಷ ಜನ ಹೌದು ಅಂದರು. 16 ವರ್ಷ ಮೇಲ್ಪಟ್ಟವರಲ್ಲಿ ಅದು ಶೇ 3.8. ಅವರ ವಯಸ್ಸು, ಆರೋಗ್ಯ, ಮನೆ, ಕೆಲಸ ಎಲ್ಲ ಊರೂರಿನ ಮಟ್ಟದಲ್ಲಿ ಸಿಕ್ಕಿತು. ಒಂದೇ ಒಂದು ಪ್ರಶ್ನೆಯಿಂದ. ನಮ್ಮ ಜನಗಣತಿ 2027ರದು. ಜಾತಿಯನ್ನೂ ಕೇಳುವ ಗಣತಿಯಲ್ಲಿ ಸೇವೆಯ ಬಗ್ಗೆ ಒಂದು ಸಾಲು ಭಾರವಾಗುವುದಿಲ್ಲ. ನಮ್ಮ ಸಂಸದರು, ಶಾಸಕರು, ಮಾಜಿ ಸೈನಿಕರ ಸಂಘದವರು ಇದನ್ನು ಕೇಳಬೇಕು ಎಂದು ನಾನು ಬೇಡಿಕೊಳ್ಳುತ್ತೇನೆ.

ಈ ಸೇವೆಯನ್ನು ಬಳಸಬೇಕು ಅನ್ನುವವರಿಗೆ ಎರಡು ಮಾತು. ಪಿಂಚಣಿ ತಾಳೆ ನೋಡುವವರು ನಿಮ್ಮ ಹುದ್ದೆ, ಗ್ರೂಪ್, ಸೇವೆಯ ವರ್ಷ ಮೂರನ್ನೂ ಡಿಸ್ಚಾರ್ಜ್ ಪುಸ್ತಕದಿಂದ ಬರೆದುಕೊಂಡೇ ಕೋಷ್ಟಕ ತೆರೆಯಿರಿ. ಪ್ರಾಜೆಕ್ಟ್ ಮಾಡುವ ಮಕ್ಕಳು ಪಿಂಚಣಿ ಬೇಡಿಕೆಯ ಎಕ್ಸೆಲ್‌ನಿಂದ ಶುರು ಮಾಡಿ, ಅದು ಚಿಕ್ಕದು, ಕಾಲಂಗಳೂ ಸರಳ. ಬಂಡವಾಳ ಖರ್ಚಿನ ಗೆರೆ ಎಳೆಯುವವರು 2023-24ಕ್ಕೆ ನಿಲ್ಲಿಸಿ, ಅಲ್ಲಿ ಎರಡು ಉದ್ದ ಗೆರೆ ಹಾಕಿ, ಯಾಕೆ ಎಂದು ಕೆಳಗೆ ಬರೆಯಿರಿ. ನಾನು ಅದಕ್ಕೆ ಎರಡು ಅಂಕ ಜಾಸ್ತಿ ಕೊಡುತ್ತೇನೆ.